ಮಾವನವರ ಬಾಯಿಪಾಠ

ಬಾಯಿಪಾಠ ನನಗೆ ಎಂದೂ ಒಗ್ಗಿದ ವಿದ್ಯೆಯಲ್ಲ. ಚಿಕ್ಕಂದಿನಲ್ಲಿ ಶಿವಮೊಗ್ಗದ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ವಾರಕ್ಕೊಂದು ವೇದವಾಕ್ಯ ಕಲಿತು ಒಪ್ಪಿಸಬೇಕಿತ್ತು. ಒಪ್ಪಿಸಿದವರಿಗೆ ಬಣ್ಣದ ಚಿತ್ರದ ಕಾರ್ಡು ಸಿಗುತ್ತಿತ್ತು. ನನ್ನ ತಂಗಿಯ ಪೆಟ್ಟಿಗೆಯ ತುಂಬ ಕುರಿಮರಿಗಳು, ದೋಣಿಗಳು, ಖರ್ಜೂರದ ಮರಗಳು. ನನ್ನ ಪೆಟ್ಟಿಗೆಯಲ್ಲಿ ಒಂದೇ ಒಂದು ಕತ್ತೆ. ಅದೂ ಹಬ್ಬದ ದಿನ ಎಲ್ಲರಿಗೂ ಹಂಚಿದ್ದು. ವಾಕ್ಯದ ಅರ್ಥ ಕೇಳಿದರೆ ಬೇಕಾದಷ್ಟು ಹೇಳುತ್ತಿದ್ದೆ. ಅದರಲ್ಲಿ ಬರುವ ಮನುಷ್ಯರ ಮನೆ ಹೇಗಿತ್ತು, ಅವರಿಗೆ ಮಕ್ಕಳೆಷ್ಟು, ಅಣ್ಣತಮ್ಮಂದಿರಿಗೆ ಯಾಕೆ ಜಗಳ ಬಂತು, ಎಲ್ಲ ಹೇಳುತ್ತಿದ್ದೆ. ವಾಕ್ಯ ಮಾತ್ರ ಇದ್ದ ಹಾಗೆ ಬಾಯಿಗೆ ಬರುತ್ತಿರಲಿಲ್ಲ. ನಮ್ಮ ಟೀಚರಮ್ಮ, "ನಿನ್ನನ್ನ ಹೀಗೇ ಬಿಟ್ರೆ ನೀನು ಇನ್ನೊಂದು ಸತ್ಯವೇದ ಹೇಳ್ತೀಯ ಮಾರಾಯ್ತಿ, ಕೂತ್ಕೋ" ಅನ್ನುತ್ತಿದ್ದರು.

ಇಂಥ ನನ್ನನ್ನು ಭದ್ರಾವತಿಯ ಉಪದೇಶಿ ಸಮುವೇಲಪ್ಪನವರ ಕಿರಿಯ ಮಗನಿಗೆ ಕೊಟ್ಟರು. ಉಪದೇಶಿ ಅಂದರೆ ಪೂರ್ತಿ ಪಾದ್ರಿಯಲ್ಲ. ಪಾದ್ರಿ ಅಯ್ಯನವರು ದಿನಾ ಹೋಗಲಾಗದ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಕಾಯಿಲೆಯವರ ತಲೆಯ ಹತ್ತಿರ ಕೂತು ನಾಲ್ಕು ವಾಕ್ಯ ಹೇಳುವುದು ಅವರ ಕೆಲಸ. ಇಡೀ ಜೀವಮಾನ ಆ ಕೆಲಸ ಮಾಡಿ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಮಗನ ಕ್ವಾರ್ಟರ್ಸಿನಲ್ಲಿ ಅವರು ಇದ್ದರು. ಅವರಿಗೆ ಸತ್ಯವೇದದ, ಅಂದರೆ ಬೈಬಲಿನ, ಮುಕ್ಕಾಲು ಪಾಲು ಬಾಯಿಗೆ ಬರುತ್ತದೆ ಎಂದು ಚರ್ಚಿನ ಸಭೆಯಲ್ಲಿ ಪ್ರತೀತಿ. ಮದುವೆ ಮಾತುಕತೆಯಲ್ಲೇ ನಮ್ಮ ತಂದೆ ಅಳುಕುತ್ತಾ, "ನಮ್ಮ ಹುಡುಗಿಗೆ ವಾಕ್ಯ ನಿಲ್ಲೋದಿಲ್ಲ" ಎಂದು ಹೇಳಿಬಿಟ್ಟಿದ್ದರು. ಮಾವನವರು ನಕ್ಕು, "ಅನ್ನ ಮಾಡೋದು ನೆನಪಿದೆ ತಾನೆ?" ಎಂದರಂತೆ.

ಆ ಮನೆಯಲ್ಲಿ ಸಂಜೆ ಊಟಕ್ಕೆ ಮೊದಲು ಪ್ರಾರ್ಥನೆ. ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಒಂದು ವಾಕ್ಯ ಹೇಳಬೇಕು. ನಾನು ಇಡೀ ಸತ್ಯವೇದದಲ್ಲೇ ಬಹಳ ಚಿಕ್ಕದಾದ ವಾಕ್ಯವನ್ನು ಹುಡುಕಿಟ್ಟುಕೊಂಡಿದ್ದೆ: ಗೆಳೆಯನ ಸಮಾಧಿಯ ಹತ್ತಿರ ಯೇಸುಸ್ವಾಮಿ ಅತ್ತ ಎನ್ನುವುದು. ದಿನವೂ ಅದನ್ನೇ ಹೇಳಿ ಊಟ ಬಡಿಸಲು ಏಳುತ್ತಿದ್ದೆ. ಒಂದಷ್ಟು ಕಾಲ ಸುಮ್ಮನಿದ್ದ ಮಾವನವರು ಒಂದು ಸಂಜೆ, "ಮಗಳೇ, ಎಷ್ಟು ದಿನ ಅಂತ ಅವರನ್ನ ಅಳಿಸ್ತೀಯ, ಇವತ್ತೊಂದು ದಿನ ಬಿಡು" ಎಂದರು. ನನ್ನ ಮನೆಯವರು ನೀರು ಕುಡಿಯುತ್ತಿದ್ದವರು ಕೆಮ್ಮಿ ಕೆಮ್ಮಿ ಸುಸ್ತಾದರು.

ಇಷ್ಟೆಲ್ಲ ಹೇಗೆ ನೆನಪಿರುತ್ತದೆ ಎಂದು ಅವರನ್ನು ಕೇಳಿದ್ದೆ. "ಸೈಕಲ್ ಹೊಡೀತಾ ಪುಸ್ತಕ ಓದೋಕಾಗಲ್ಲ, ಹೇಳ್ಕೊಳ್ಳೋಕಾಗತ್ತೆ" ಎಂದರು. ಏರು ಬಂದರೆ ಚಿಕ್ಕ ವಾಕ್ಯಗಳು, ಇಳಿಜಾರಿನಲ್ಲಿ ಉದ್ದದವು. ಕೂಡ್ಲಿಗೆ ಹೋಗುವ ದಾರಿಯಲ್ಲಿ ಒಂದು ಸುವಾರ್ತೆಯ ಎಷ್ಟು ಅಧ್ಯಾಯ ಮುಗಿಯುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು, ಮೈಲಿಗಲ್ಲು ನೋಡುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಈ ವಿದ್ಯೆಗೆ ಎಷ್ಟು ಹೆಸರುಗಳಿವೆ ನೋಡಿ. ಬಾಯಿಪಾಠ ಅನ್ನುತ್ತೇವೆ, ಕಂಠಪಾಠ ಅನ್ನುತ್ತೇವೆ. ಬಾಯಿಯಿಂದ ಕಂಠದವರೆಗೆ ಇಳಿದ ಪಾಠಕ್ಕೆ ಅದರ ಕೆಳಗೆ ಹೆಸರಿಲ್ಲ. ಗಂಟಲು ದಾಟಿದ ಮೇಲೆ ತುತ್ತು ಎಲ್ಲಿಗೆ ಹೋಯಿತು ಎಂದು ಯಾರು ನೋಡುತ್ತಾರೆ? ಸತ್ಯವೇದದಲ್ಲೇ ಒಬ್ಬ ಪ್ರವಾದಿಗೆ ಬರಹದ ಸುರುಳಿಯನ್ನು ಕೊಟ್ಟು, ಓದು ಎನ್ನದೆ ತಿನ್ನು ಎಂದು ಹೇಳಿದ ಪ್ರಸಂಗವಿದೆ. ಅವನು ತಿಂದ, ಜೇನಿನ ಹಾಗೆ ಸಿಹಿಯಾಗಿತ್ತಂತೆ. ಆ ಕಥೆ ನನಗೆ ಬಹಳ ಹಿಡಿಸಿತ್ತು. ತಿಂದ ಮೇಲೆ ಅದು ಅವನಿಗೆ ಜೀರ್ಣವಾಯಿತೇ, ಮರುದಿನ ಅವನು ಬೇರೆ ಥರದ ಮನುಷ್ಯನಾಗಿದ್ದನೇ ಎಂದು ತಿಳಿಯುವ ಕುತೂಹಲ. ಅದನ್ನು ಯಾರೂ ಬರೆದಿಲ್ಲ. ಆದರೆ ನನ್ನ ಮನೆಯಲ್ಲೇ ಅಂಥ ಸುರುಳಿ ತಿಂದ ಮನುಷ್ಯ ಒಬ್ಬರಿದ್ದರು. ಅವರಲ್ಲಿ ಜೀರ್ಣವಾಗದೆ ಉಳಿದ ಒಂದು ವಿಷಯವೂ ಇತ್ತು.

ಅದು ಅವರ ದೊಡ್ಡ ಮಗ, ನನ್ನ ಭಾವ ಜಯಶೀಲ. ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದ ಭಾವ, ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗಿರಿಜಾ ಎಂಬ ಲಿಂಗಾಯತರ ಹುಡುಗಿಯನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿದ್ದರು. ನಾನು ಆ ಮನೆಗೆ ಬರುವ ಮೊದಲೇ ನಡೆದ ಸಂಗತಿ. ಗಿರಿಜಾಳ ತೌರಿನವರು ಬಾಗಿಲು ಹಾಕಿಕೊಂಡರು. ಇತ್ತ ಮಾವನವರು ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. "ನಮ್ಮನೇಲಿ ಪ್ರಾರ್ಥನೆಗೆ ಕೂರಕ್ಕಾಗದವರು ಊಟಕ್ಕೂ ಕೂರೋದು ಬೇಡ" ಎಂದರಂತೆ, ಅಷ್ಟೇ. ಅಲ್ಲಿಂದ ಮುಂದೆ ಸಂಜೆಯ ಪ್ರಾರ್ಥನೆಯಲ್ಲಿ ಊರಿನವರ, ದೇಶದವರ, ಕಾರ್ಖಾನೆಯ ಕುಲುಮೆಯ ಮುಂದೆ ನಿಲ್ಲುವವರ ಹೆಸರು ಬರುತ್ತಿತ್ತು. ಜಯಶೀಲನ ಹೆಸರು ಬರುತ್ತಿರಲಿಲ್ಲ. ಅಷ್ಟು ಪ್ರೀತಿಯ ಮಾತುಗಳನ್ನು ಬಾಯಲ್ಲಿಟ್ಟುಕೊಂಡ ಮನುಷ್ಯ ಒಂದು ಹೆಸರನ್ನು ಹೇಗೆ ಹೊರಗೆ ನಿಲ್ಲಿಸುತ್ತಾರೆ ಎಂದು ನನಗೆ ಸೋಜಿಗ. ಕೇಳುವ ಧೈರ್ಯ ಇರಲಿಲ್ಲ.

ಹೀಗಿರುವಾಗ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೆಳಿಗ್ಗೆ, ಮುಖ ತೊಳೆಯಲು ಬಚ್ಚಲಿಗೆ ಹೋದ ಮಾವನವರು ಅಲ್ಲೇ ಕುಸಿದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಬಾಯಿ ಸ್ವಲ್ಪ ಸೊಟ್ಟಗಾಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಣ್ಣಿನಲ್ಲಿ ಎಲ್ಲ ತಿಳಿವಳಿಕೆ ಇತ್ತು, ಮಾತು ಮಾತ್ರ ಹೋಗಿತ್ತು. ಏನೋ ಹೇಳಲು ಬಾಯಿ ತೆರೆಯುವರು, "ಅ... ಅ..." ಎಂದು ತಡವರಿಸುವರು, ಸಿಟ್ಟು ಬಂದು ಎಡಗೈಯಿಂದ ಮಂಚದ ಪಟ್ಟಿಗೆ ಹೊಡೆಯುವರು. ಜೀವನವಿಡೀ ಮಾತಾಡಿಯೇ ದುಡಿದವರು. ನನಗೆ ಅವರ ಕೈ ಕಾಲಿಗಿಂತ ಆ ಮೌನವನ್ನು ನೋಡುವುದೇ ಕಷ್ಟವಾಗಿತ್ತು.

ಪಕ್ಕದ ಕ್ವಾರ್ಟರ್ಸಿನ ಶಿವಲಿಂಗಪ್ಪನವರು ದಿನವೂ ಬಂದು ಮಂಚದ ಹತ್ತಿರ ಕೂರುತ್ತಿದ್ದರು. ಮಾವನವರಿಗೂ ಅವರಿಗೂ ಹಳೆಯ ಸ್ನೇಹ. ಬೆಳಗಾದರೆ ಆ ಮನೆಯಿಂದ ವಚನ, ಈ ಮನೆಯಿಂದ ಕೀರ್ತನೆ. ಸಂಜೆ ಇಬ್ಬರೂ ಬೇಲಿಯ ಹತ್ತಿರ ನಿಂತು ಯಾರ ಭಕ್ತರು ಹೆಚ್ಚು ಕಷ್ಟಪಟ್ಟರು ಎಂದು ವಾದ ಮಾಡುತ್ತಿದ್ದರು. ಈಗ ವಾದಕ್ಕೆ ಜೊತೆಯಿಲ್ಲದೆ ಶಿವಲಿಂಗಪ್ಪನವರು ಸುಮ್ಮನೆ ಬೀಸಣಿಗೆ ಬೀಸುತ್ತಾ ಕೂರುವರು.

ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಮಾವನವರು ಗಂಟಲಲ್ಲಿ ಏನೋ ತಡಕಾಡಿದ ಹಾಗೆ ಮಾಡಿ, ಇದ್ದಕ್ಕಿದ್ದಂತೆ, ಜಿಂಕೆ ಬಾಯಾರಿ ತೊರೆಗಾಗಿ ಹಂಬಲಿಸುವ ಆ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ಹೇಳಿದರು. ಒಂದು ಅಕ್ಷರ ತೊದಲಲಿಲ್ಲ. ನನ್ನ ಕೈಯ ಮೊರ ಜಾರಿ ಅಕ್ಕಿ ಚೆಲ್ಲಿತು. ಶಿವಲಿಂಗಪ್ಪನವರ ಬೀಸಣಿಗೆ ನಿಂತಿತು. "ಮಾತು ಬಂತಲ್ಲ ತಾಯಿ" ಎಂದರು ಅವರು ಮೆಲ್ಲಗೆ. ನಾನು ಓಡಿಹೋಗಿ, "ಮಾವ, ಹೇಗಿದೆ? ನನ್ನ ಗುರುತು ಸಿಕ್ತಾ?" ಎಂದು ಕೇಳಿದೆ. ಮತ್ತೆ "ಅ... ಅ..." ಅಷ್ಟೇ. ಆಮೇಲೆ ಪುನಃ ಜಿಂಕೆ, ಪುನಃ ತೊರೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಶಿವಲಿಂಗಪ್ಪನವರೇ, "ಬಾಯಾರಿಕೆ ಆಗಿದೆಯೋ ಏನೋ, ನೀರು ಕೊಟ್ಟು ನೋಡು" ಎಂದರು. ಕೊಟ್ಟೆ. ಚೊಂಬು ಖಾಲಿಯಾಯಿತು. ಜಿಂಕೆಯೂ ನಿಂತಿತು.

ಶಿವಮೊಗ್ಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಾಗ ಇದನ್ನು ಹೇಳಿದೆವು. ಅವರು ಆಸಕ್ತಿಯಿಂದ ಕೇಳಿದರು. ಹೊಸದಾಗಿ ಮಾತು ಜೋಡಿಸುವ ಭಾಗಕ್ಕೆ ಪೆಟ್ಟು ಬಿದ್ದಿದೆ, ಬಹಳ ಕಾಲದಿಂದ ಹೇಳಿ ಹೇಳಿ ರೂಢಿಯಾದದ್ದು ಬೇರೆ ಕಡೆ ಉಳಿದುಕೊಂಡಿರುತ್ತದೆ, ಕೆಲವರಿಗೆ ಹಾಡು ಉಳಿಯುತ್ತದೆ, ಕೆಲವರಿಗೆ ಬೈಗುಳ, ನಿಮ್ಮವರಿಗೆ ಇದು ಎಂದು ವಿವರಿಸಿದರು. "ಆದ್ರೆ ಅವರು ಅರ್ಥ ಇಟ್ಕೊಂಡು ಹೇಳ್ತಿದಾರೆ ಅಂತ ತಿಳ್ಕೋಬೇಡಿ. ಗಾಡಿ ಹಳೇ ಜಾಡಿಗೆ ಬಿದ್ದ ಹಾಗೆ ಅದು. ಒಮ್ಮೆ ಹೊರಟ್ರೆ ಕೊನೆ ಮುಟ್ಟೋವರೆಗೂ ನಿಲ್ಲಲ್ಲ, ಗಮನಿಸಿ ನೋಡಿ" ಎಂದರು. ಗಮನಿಸಿದೆ. ನಿಜ. ಒಂದು ಕೀರ್ತನೆ ಶುರು ಮಾಡಿದರೆ ಅದು ಮುಗಿಯುವವರೆಗೆ ಊಟವನ್ನೂ ಮುಟ್ಟುತ್ತಿರಲಿಲ್ಲ.

ಆದರೆ ಜಾಡು ಹಿಡಿದ ಗಾಡಿ ಇಷ್ಟು ಸರಿಯಾಗಿ ಬೇಕಾದ ಮನೆಯ ಮುಂದೆ ಹೇಗೆ ಬರುತ್ತದೆ? ಸಾರಿಗೆ ಉಪ್ಪು ಕಡಿಮೆಯಾದ ದಿನ, ಉಪ್ಪು ತನ್ನ ರುಚಿ ಕಳೆದುಕೊಂಡರೆ ಏನು ಪ್ರಯೋಜನ ಎನ್ನುವ ಉಪದೇಶ ಬರುತ್ತಿತ್ತು. ಸ್ನಾನ ಮಾಡಿಸಬೇಕಾದಾಗ, ಕುಷ್ಠ ಹಿಡಿದ ಸೇನಾಪತಿ ಹೊಳೆಯಲ್ಲಿ ಮುಳುಗಿ ಮುಳುಗಿ ಎದ್ದ ಕಥೆ. ಒಂದು ದಿನ ಮದುವೆ ಮನೆಯಲ್ಲಿ ದ್ರಾಕ್ಷಾರಸ ತೀರಿಹೋದ ಪ್ರಸಂಗವನ್ನು ಎರಡು ಮೂರು ಸಲ ಹೇಳಿದರು. ನನ್ನ ಮನೆಯವರ ಮುಖ ಕಪ್ಪಿಟ್ಟಿತು. "ಅಪ್ಪ ಜನ್ಮದಲ್ಲಿ ಅದನ್ನ ಮುಟ್ಟಿದವರಲ್ಲ" ಎಂದು ಪಿಸುಗುಟ್ಟಿದರು. ಬಹಳ ಯೋಚಿಸಿ ನನಗೆ ಹೊಳೆಯಿತು: ಮನೆಯಲ್ಲಿ ಕಾಫಿಪುಡಿ ಮುಗಿದಿತ್ತು, ಬೆಳಿಗ್ಗೆಯಿಂದ ಅವರಿಗೆ ಬರೀ ಬೆಲ್ಲದ ನೀರು ಕೊಟ್ಟಿದ್ದೆ.

ಸಭೆಯಲ್ಲಿ ಸುದ್ದಿ ಹರಡಿತು. ಅಯ್ಯನವರು ಬಂದು ಕಣ್ಣು ಒರೆಸಿಕೊಂಡು, "ನೋಡಿ, ಒಳಗೆ ಇಳಿದ ವಾಕ್ಯ ಹಾಳಾಗಲ್ಲ" ಎಂದರು. ಆಮೇಲೆ ಜನ ಬರತೊಡಗಿದರು. ಮಾವನವರ ಬಾಯಿಂದ ಒಂದು ವಾಕ್ಯ ಕೇಳಿದರೆ ಪುಣ್ಯ ಎನ್ನುವ ಹಾಗೆ ಮಂಚದ ಸುತ್ತ ಕೂರುತ್ತಿದ್ದರು. ಒಂದು ಭಾನುವಾರ ಮನೆ ತುಂಬಿ ಹೋಗಿತ್ತು. ಮಾವನವರು ಕಣ್ಣು ಮುಚ್ಚಿ, ಹೊತ್ತಾಯಿತು, ಈ ಗುಂಪನ್ನು ಕಳಿಸಿಬಿಡು, ಹಳ್ಳಿಗಳಿಗೆ ಹೋಗಿ ಊಟ ಕೊಂಡುಕೊಳ್ಳಲಿ ಎಂದು ಶಿಷ್ಯರು ಸ್ವಾಮಿಗೆ ಹೇಳಿದ ಭಾಗವನ್ನು ಶುರು ಮಾಡಿದರು. ಬಂದವರು ತಲೆಬಾಗಿ ಕೇಳಿದರು. ನಾನು ಒಲೆಯ ಮೇಲಿಟ್ಟಿದ್ದ ಕಾಫಿ ನೀರನ್ನು ಕೆಳಗಿಳಿಸಿದೆ. ಇನ್ನೊಂದು ಲೋಟ ಕಾಫಿ ಬಂದರೆ ಅವರು ಇನ್ನೊಂದು ಗಂಟೆ ಕೂರುತ್ತಾರೆ ಎಂದು ಮಾವನವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈ ದೆಸೆಯಿಂದ ನಾನು ಸತ್ಯವೇದ ಓದುವ ಹಾಗಾಯಿತು. ಬೇಕಾಗಿ ಓದಿದ್ದಲ್ಲ; ಅವರು ಹೇಳಿದ್ದು ಎಲ್ಲಿಯದು, ಅದರ ಹಿಂದೆ ಮುಂದೆ ಏನಿದೆ ಎಂದು ತಿಳಿಯದಿದ್ದರೆ ಅವರಿಗೆ ದಿಂಬು ಬೇಕೋ ಬೆಳಕು ಬೇಕೋ ಗೊತ್ತಾಗುತ್ತಿರಲಿಲ್ಲ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ಸಂಡೇ ಸ್ಕೂಲಿನಲ್ಲಿ ಆಗದೆ ಇದ್ದದ್ದು ಅಡುಗೆಮನೆಯಲ್ಲಿ ತಾನಾಗಿ ಆಗುತ್ತಿತ್ತು. ನನ್ನ ಮನೆಯವರು, "ನಿನ್ನ ತಂಗಿಗೆ ಈಗ ಹೇಳ್ಬೇಕು" ಎಂದು ತಮಾಷೆ ಮಾಡುತ್ತಿದ್ದರು. ಆದರೆ ನನಗೆ ಆಗ ತಮಾಷೆಯ ಮನಸ್ಸಿರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಮಾವನವರು ಹೊಸದೊಂದು ಭಾಗ ಹೇಳಲು ಶುರು ಮಾಡಿದ್ದರು.

ದಾವೀದ ಅರಸನಿಗೆ ಅವನ ಮಗ ಅಬ್ಷಾಲೋಮ ತಿರುಗಿ ಬಿದ್ದಿದ್ದ. ಆ ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಅರಸ, ಗೆದ್ದದ್ದನ್ನೂ ಮರೆತು, ಬಾಗಿಲಿನ ಮೇಲಿನ ಕೋಣೆಗೆ ಹತ್ತಿ, ಮಗನ ಹೆಸರು ಹಿಡಿದು ಅತ್ತ. ಮಾವನವರು ಅದನ್ನು ಬೆಳಿಗ್ಗೆ ಕಾಫಿ ಆದ ಮೇಲೆ ಹೇಳುವರು. ಮರುದಿನ ಬೆಳಿಗ್ಗೆ ಮತ್ತೆ. ಅದರ ಮರುದಿನವೂ. ಧ್ವನಿಯಲ್ಲಿ ಏನೂ ಬದಲಾವಣೆ ಇಲ್ಲ, ಕಣ್ಣಲ್ಲಿ ನೀರಿಲ್ಲ. ಆದರೆ ಹೇಳುವಾಗ ಬಾಗಿಲ ಕಡೆ ನೋಡುವರು.

ನಾನು ನನ್ನ ಮನೆಯವರಿಗೆ, "ಭಾವನಿಗೆ ಹೇಳಿ ಕಳಿಸೋಣ" ಎಂದೆ. ಅವರು ಬೂಟಿನ ದಾರ ಕಟ್ಟುತ್ತಿದ್ದರು. ಕಾಯಿಲೆಯ ಸುದ್ದಿಯನ್ನೇ ಅವರು ಅಣ್ಣನಿಗೆ ಮುಟ್ಟಿಸಿರಲಿಲ್ಲ. ಅಪ್ಪನ ಮಾತನ್ನು ಮೀರಿದ ಹಾಗಾಗುತ್ತದೆ ಎನ್ನುವ ಹೆದರಿಕೆ.

"ನೀರು ಕೇಳೋದು ಬೇರೆ, ಇದು ಬೇರೆ" ಎಂದರು. "ಡಾಕ್ಟ್ರು ಏನಂದ್ರು? ಅರ್ಥ ಇಟ್ಕೊಂಡು ಹೇಳಲ್ಲ ಅಂತ. ಅವನು ಬಂದು ನಿಂತು, ಇವರಿಗೆ ಸಿಟ್ಟು ಬಂದು, ಇನ್ನೊಂದು ಸಲ ಬಿದ್ರೆ ಯಾರು ಹೊಣೆ?"

"ಉಪ್ಪು ಕಡಿಮೆ ಅಂದಾಗ ಉಪ್ಪು ಹಾಕ್ತೀವಿ. ಮಗ ಅಂದಾಗ ಮಗನ್ನ ಕರೀದೇ ಇರೋದು ಹೇಗೆ?"

ಅವರು ಇನ್ನೊಂದು ಬೂಟಿನ ದಾರವನ್ನೂ ಬಿಗಿದು ಕಾರ್ಖಾನೆಗೆ ಹೋದರು. ನನಗೂ ಒಳಗೆ ಅಳುಕು ಇತ್ತು. ವಾಕ್ಯಗಳಿಗೆ ನನ್ನದೇ ಅರ್ಥ ಹಚ್ಚುವ ಚಟ ನನಗೆ ಹಳೆಯದು. ಕಾಫಿಪುಡಿಯ ವಿಷಯದಲ್ಲಿ ತಪ್ಪಿದರೆ ನಷ್ಟವಿಲ್ಲ. ಇಲ್ಲಿ ತಪ್ಪಿದರೆ ಒಂದು ಜೀವ. ಆ ದಿನವೆಲ್ಲ ಯೋಚಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಅರಸ ಅತ್ತ, ಮತ್ತೆ ಮಾವನವರು ಬಾಗಿಲ ಕಡೆ ನೋಡಿದರು. ಶಿವಲಿಂಗಪ್ಪನವರು ಅಂದು ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೊರಟಿದ್ದರು. ಬೇಲಿಯ ಹತ್ತಿರ ನಿಂತು ಅವರಿಗೆ ಎಲ್ಲ ಹೇಳಿ, ಭಾವನ ಶಾಲೆಗೆ ಹೋಗಿ ತಿಳಿಸಿ ಬರುತ್ತೀರಾ ಎಂದು ಕೇಳಿದೆ.

ಅವರು ಟೋಪಿ ಸರಿಮಾಡಿಕೊಂಡರು. "ಆ ಹುಡುಗಿ ನಮ್ಮ ಜನದವಳು. ಅವರಪ್ಪ ನನಗೆ ದೂರದ ಸಂಬಂಧವೂ ಆಗ್ಬೇಕು. ನಾನು ಇದರಲ್ಲಿ ಕೈ ಹಾಕ್ದೆ ಅಂದ್ರೆ ಅವರೂ ನನ್ನ ಮುಖ ನೋಡಲ್ಲ" ಎಂದರು. ಆಮೇಲೆ, "ಇರ್ಲಿ ಬಿಡು ತಾಯಿ. ದಿನಾ ಬೆಳಿಗ್ಗೆ ನಾನೂ ಕೇಳ್ತಿದೀನಲ್ಲ. ಹೋಗಿ ಹೇಳಿ ಬರ್ತೀನಿ" ಎಂದು ಸ್ಟೇಷನ್ನಿನ ಕಡೆ ನಡೆದರು.

ಆ ಭಾನುವಾರ ಬೆಳಗಿನ ರೈಲಿಗೆ ಭಾವ ಬಂದರು. ಜೊತೆಗೆ ಗಿರಿಜಾ. ನಾನು ಅವರಿಬ್ಬರನ್ನೂ ನೋಡಿದ್ದು ಅದೇ ಮೊದಲು. ಭಾವ ಥೇಟು ಮಾವನವರ ಹಾಗೆ, ಎತ್ತರದ ಆಳು. ಗಿರಿಜಾ ಸಣ್ಣ ಮೈಕಟ್ಟಿನವಳು, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕುಂಕುಮ, ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ. ಹೊಸಿಲ ಹೊರಗೆ ನಿಂತು ನನ್ನನ್ನು, "ಒಳಗೆ ಬರಬಹುದಾ?" ಎಂದು ಕೇಳಿದಳು. ಹೌದು ಎನ್ನುವ ಅಧಿಕಾರ ನನಗೆ ಇತ್ತೋ ಇಲ್ಲವೋ, ಕೈ ಹಿಡಿದು ಕರೆದುಕೊಂಡೆ. ನನ್ನ ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಶಿವಲಿಂಗಪ್ಪನವರು ಮಂಚದ ಹತ್ತಿರದ ಸ್ಟೂಲಿನಿಂದ ಎದ್ದು ಜಾಗ ಬಿಟ್ಟರು.

"ಅಪ್ಪ, ನಾನು ಜಯಶೀಲ" ಎಂದರು ಭಾವ.

ಮಾವನವರು ನೋಡಿದರು. ಮಗನನ್ನು ನೋಡಿದರು, ಗಿರಿಜಾಳ ಹಣೆಯನ್ನು ನೋಡಿದರು. ಕಣ್ಣು ಮುಚ್ಚಿಕೊಂಡರು. ಈಗ ಏನು ಬರುತ್ತದೆ? ಮನೆ ಬಿಟ್ಟುಹೋದ ಮಗ ತಿರುಗಿ ಬಂದ ಕಥೆ ಬರಲಿ ಎಂದು ನಾನು ಬೇಡಿಕೊಂಡೆ. ಸತ್ಯವೇದದಲ್ಲಿ ಆ ಕಥೆ ಇರುವುದೇ ಇಂಥ ಗಳಿಗೆಗೆ. ಅದೇ ಪುಸ್ತಕದಲ್ಲಿ ಅನ್ಯಜನರ ಹೆಣ್ಣುಗಳನ್ನು ಮದುವೆಯಾದವರನ್ನು ಗದರುವ ಭಾಗಗಳೂ ಇವೆ ಎಂದು ಅಷ್ಟು ದಿನದ ಓದಿನಿಂದ ನನಗೆ ಗೊತ್ತಾಗಿತ್ತು.

ಎರಡೂ ಬರಲಿಲ್ಲ. ಮಾವನವರು ವಂಶಾವಳಿ ಶುರು ಮಾಡಿದರು. ಅಬ್ರಹಾಮನಿಗೆ ಇಸಾಕ ಹುಟ್ಟಿದ, ಇಸಾಕನಿಗೆ ಯಾಕೋಬ ಹುಟ್ಟಿದ ಎಂದು ಯೇಸುಸ್ವಾಮಿಯ ಪೂರ್ವಿಕರ ಹೆಸರುಗಳನ್ನು ಸಾಲಾಗಿ ಹೇಳುವ ಭಾಗ. ಓದುವವರೆಲ್ಲ ಬೆರಳಿನಿಂದ ಜಾರಿಸಿ ಮುಂದಿನ ಪುಟಕ್ಕೆ ಹೋಗುವಂಥದ್ದು. ನನ್ನ ಮನೆಯವರು ನಿಟ್ಟುಸಿರು ಬಿಟ್ಟರು. ಭಾವನ ಮುಖ ಇಳಿದುಹೋಯಿತು. ಅಪ್ಪ ಎಂದು ಕರೆದದ್ದಕ್ಕೆ ಅಪ್ಪನೊಳಗಿಂದ ಬಂದದ್ದು ಗಾಡಿಯ ಸದ್ದು ಮಾತ್ರ. ಗಿರಿಜಾ ಒಬ್ಬಳೇ ಗಮನವಿಟ್ಟು ಕೇಳುತ್ತಿದ್ದಳು. ಮಕ್ಕಳು ತಪ್ಪು ಮಗ್ಗಿ ಹೇಳಿದರೂ ಪೂರ್ತಿ ಕೇಳುವ ಮೇಷ್ಟ್ರಮ್ಮನ ಅಭ್ಯಾಸ ಇರಬೇಕು.

ಹೆಸರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬೋವಜನ ಹೆಸರು ಬಂತು. ಬೋವಜನಿಗೆ ರೂತಳಲ್ಲಿ, ಎಂದರು. ಅಲ್ಲಿ ನಿಂತರು.

ಅವರು ಯಾವತ್ತೂ ಮಧ್ಯದಲ್ಲಿ ನಿಂತವರಲ್ಲ. ನಾನು ಮುಂದಿನ ಹೆಸರಿಗೆ ಕಾದೆ. ಬರಲಿಲ್ಲ. ಮಾವನವರು ಕಣ್ಣು ತೆರೆದು, ಎಡಗೈಯನ್ನು ಎತ್ತಿ ಗಿರಿಜಾಳ ಕಡೆ ಚಾಚಿದರು. "ರೂತ್" ಎಂದರು ಮತ್ತೊಮ್ಮೆ.

ಭಾವ ಉಪದೇಶಿಯ ಮಗ. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಂಚದ ಪಟ್ಟಿಗೆ ತಲೆ ಇಟ್ಟು ನೆಲದ ಮೇಲೆ ಕೂತುಬಿಟ್ಟರು. ಗಿರಿಜಾ ಗಾಬರಿಯಿಂದ ನನ್ನ ಕಡೆ ತಿರುಗಿ, "ಯಾರು ರೂತ್?" ಎಂದಳು.

ಕಥೆ ಹೇಳುವುದು ನನಗೆ ಬರುವ ಕೆಲಸ. ಹೇಳಿದೆ. ರೂತ್ ಬೇರೆ ದೇಶದವಳು, ಬೇರೆ ದೇವರನ್ನು ಪೂಜಿಸುವ ಜನದವಳು. ಗಂಡ ಸತ್ತ ಮೇಲೆ ಅತ್ತೆಯ ಕೈ ಬಿಡದೆ ಅವಳ ಜೊತೆ ಕಾಣದ ಊರಿಗೆ ಬಂದವಳು. ಕೊಯ್ಲಾದ ಹೊಲದಲ್ಲಿ ಉದುರಿದ ಜವೆಗೋಧಿ ಆರಿಸಿ ಅತ್ತೆಯನ್ನು ಸಾಕಿದಳು. ಆ ಊರಿನ ಬೋವಜ ಅವಳನ್ನು ಮದುವೆಯಾದ. ಅವಳ ಮರಿಮಗನೇ ದಾವೀದ ಅರಸ. ನಮ್ಮ ಸ್ವಾಮಿ ಹುಟ್ಟಿದ್ದು ಆ ಬಳ್ಳಿಯಲ್ಲಿ.

"ಹಾಗಾದ್ರೆ ಹೊರಗಿನವಳು" ಎಂದಳು ಗಿರಿಜಾ.

"ಹೌದು."

"ಅವಳು ತನ್ನ ದೇವರನ್ನ ಬಿಟ್ಟು ಬಂದಳಾ?"

ಸುಳ್ಳು ಹೇಳುವ ಹಾಗಿರಲಿಲ್ಲ. "ಬಿಟ್ಟಳು ಅಂತಲೇ ಇದೆ" ಎಂದೆ.

ಗಿರಿಜಾ ಮಾವನವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ನಾನು ಬಿಟ್ಟಿಲ್ಲ, ಮಾವ" ಎಂದಳು.

ಮಾವನವರಿಗೆ ಕೇಳಿಸಿತು. ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಗಿರಿಜಾ ಹತ್ತಿರ ಹೋಗಿ ಆ ಕೈಯನ್ನು ಹಿಡಿದುಕೊಂಡಳು. ಶಿವಲಿಂಗಪ್ಪನವರು ಹೊರಗೆ ಹೋಗಿ ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಆ ದಿನ ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಊಟಕ್ಕೆ ಮೊದಲು ಪ್ರಾರ್ಥನೆಯೂ ಆಯಿತು. ಗಿರಿಜಾ ಕಣ್ಣು ಮುಚ್ಚದೆ, ಆದರೆ ಕೈ ಕಟ್ಟಿಕೊಂಡು ಕೂತಿದ್ದಳು. ಮಾವನವರು ಅದನ್ನು ನೋಡಿದರು, ಏನೂ ಹೇಳಲಿಲ್ಲ. ಅವರಿಗೆ ಹೇಳಲು ಆಗುತ್ತಲೂ ಇರಲಿಲ್ಲ ಎನ್ನಿ.

ಮುಂದಿನ ಸಲ ಡಾಕ್ಟರರನ್ನು ಕಂಡಾಗ ನಾನು ಈ ವಿಷಯ ಎತ್ತಿದೆ. ಕೊನೆ ಮುಟ್ಟದೆ ನಿಲ್ಲುವುದಿಲ್ಲ ಎಂದಿರಲ್ಲ, ನಿಂತರು ಎಂದೆ. ಅವರು ಪೆನ್ನು ತಿರುಗಿಸುತ್ತಾ, "ಉಸಿರು ಸಾಲದೆ ನಿಂತಿರಬಹುದು" ಎಂದರು. ಪೆನ್ನು ಕೆಳಗಿಟ್ಟು, "ನಿಂತಿರಬಹುದು ಅಂದೆ, ಅಷ್ಟೇ. ನನಗೆ ಗೊತ್ತು ಅನ್ನಲಿಲ್ಲ" ಎಂದೂ ಸೇರಿಸಿದರು. ಶಿವಲಿಂಗಪ್ಪನವರ ಅಭಿಪ್ರಾಯ ಬೇರೆ. "ಅಷ್ಟು ವರ್ಷ ಸಮುವೇಲಪ್ಪನವರು ವಾಕ್ಯ ಹೇಳ್ತಿದ್ರು. ಆವತ್ತು ಅವರು ಅದನ್ನ ಕೇಳಿಸ್ಕೊಂಡ್ರು. ಹೇಳೋವಾಗ ಕೇಳಿಸೋದಿಲ್ಲ ತಾಯಿ, ನನಗೂ ಹಾಗೇ" ಎಂದರು. ಅಯ್ಯನವರು ಇಬ್ಬರ ಮಾತನ್ನೂ ಕೇಳಿ, ತಾವು ಮುಂದಿನ ಭಾನುವಾರ ಆ ವಂಶಾವಳಿಯ ಮೇಲೆಯೇ ಉಪದೇಶ ಮಾಡಿದರು. ಸಭೆಯಲ್ಲಿ ಅರ್ಧ ಜನ ನಿದ್ದೆ ಮಾಡಿದರು.

ಆಮೇಲೆ ಭಾವ ಮತ್ತು ಗಿರಿಜಾ ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದರು. ಒಂದನೇ ತರಗತಿಗೆ ಪಾಠ ಹೇಳುತ್ತಿದ್ದ ಗಿರಿಜಾ ಮಾವನವರನ್ನೂ ಒಂದನೇ ತರಗತಿಗೆ ಸೇರಿಸಿಕೊಂಡಳು. ಚೊಂಬು ತೋರಿಸಿ "ನೀರು", ತಟ್ಟೆ ತೋರಿಸಿ "ಅನ್ನ". ಮಾವನವರು ಬೆವರು ಬರುವ ಹಾಗೆ ಪ್ರಯತ್ನಪಡುವರು. ನೀರಿಗೆ ಬದಲು ಯೊರ್ದನ್ ಹೊಳೆ ಬರುವುದು, ಅನ್ನಕ್ಕೆ ಬದಲು ಆಕಾಶದಿಂದ ಉದುರಿದ ಮನ್ನ ಬರುವುದು. ಗಿರಿಜಾ ಬೇಸರಿಸದೆ ಮತ್ತೆ ತೋರಿಸುವಳು. ಯೊರ್ದನ್ ಅಂದರೆ ಯಾವುದು, ಮನ್ನ ಅಂದರೆ ಏನು ಎಂದು ನನ್ನನ್ನು ಕೇಳಿ ತಿಳಿದುಕೊಳ್ಳುವಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೂ ಸತ್ಯವೇದದ ಸುಮಾರು ಭಾಗ ಗೊತ್ತಾಗಿತ್ತು, ನಂಬಿಕೆಗೆ ಅಲ್ಲ, ಪಾಠಕ್ಕೆ.

ಒಂದು ದಿನ ಅವಳು ಊರಿಗೆ ಹೊರಡಲು ಬಟ್ಟೆಬರೆಯ ಚೀಲ ಎತ್ತಿಕೊಂಡು ಬಾಗಿಲು ದಾಟಿದ್ದಳು. ಹಿಂದಿನಿಂದ ಮಾವನವರು "ಗಿರಿಜಾ" ಎಂದು ಕರೆದರು. ಮುರುಕು ಉಚ್ಚಾರ, ಆದರೆ ಸಂಶಯವಿಲ್ಲ. ಅವಳು ತಿರುಗಿ ನಿಂತಳು. ಕಿತ್ತಳೆಹಣ್ಣು ತಂದಿದ್ದ ಚೀಲ ಮರೆತಿದ್ದಳು, ಅದನ್ನು ತೋರಿಸಲು ಕರೆದದ್ದು. ಸತ್ಯವೇದದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದರೂ ಆ ಹೆಸರು ಸಿಗುವುದಿಲ್ಲ. ಯಾವ ಸೈಕಲ್ ದಾರಿಯಲ್ಲೂ ಅವರು ಅದನ್ನು ಉರು ಹೊಡೆದಿರಲಿಲ್ಲ. ಹೊಸದಾಗಿ ಮಾಡಿದ ಮೊದಲ ಮಾತು ಅದು. ಆಮೇಲೆ ಒಂದೊಂದಾಗಿ ನೀರು ಬಂತು, ಅನ್ನ ಬಂತು, ಸಾಕು ಬಂತು. ಅವರು ಇನ್ನೂ ಕೆಲವು ವರ್ಷ ಬದುಕಿದ್ದರು. ಬೆಳಗಿನ ಆ ಅರಸನ ಅಳು ಮತ್ತೆ ಯಾವತ್ತೂ ನಮ್ಮ ಮನೆಯಲ್ಲಿ ಕೇಳಿಸಲಿಲ್ಲ.

ಇದೆಲ್ಲದರಲ್ಲಿ ನನಗೆ ಗಿರಿಜಾಳ ಮೇಲೆ ಒಂದು ಸಣ್ಣ ಹೊಟ್ಟೆಕಿಚ್ಚು ಇತ್ತು, ಹೇಳಿಬಿಡುತ್ತೇನೆ. ನನ್ನ ಹೆಸರು ಮಾರ್ಥ. ಸತ್ಯವೇದದಲ್ಲಿ ಒಬ್ಬಳು ಮಾರ್ಥ ಇದ್ದಾಳೆ: ಸ್ವಾಮಿ ಮನೆಗೆ ಬಂದಾಗ ತಂಗಿ ಕೂತು ಉಪದೇಶ ಕೇಳುತ್ತಿದ್ದರೆ, ಇವಳು ಅಡುಗೆಮನೆಯಲ್ಲಿ ಒದ್ದಾಡಿ, ಕೊನೆಗೆ ಸ್ವಾಮಿಯಿಂದ ಮೆದುವಾಗಿ ಬೈಸಿಕೊಂಡವಳು. ಸ್ವಾಮಿ ಅವಳನ್ನು ಎರಡು ಸಲ ಹೆಸರು ಹಿಡಿದು ಕರೆಯುತ್ತಾನೆ. ಮಾವನವರು ಮಂಚದಿಂದ "ಮಾರ್ಥ, ಮಾರ್ಥ" ಎಂದರೆ ನನಗೆ ಗೊತ್ತಾಗುತ್ತಿರಲಿಲ್ಲ, ಇದು ಪುಸ್ತಕದವಳೋ ನಾನೋ ಎಂದು. ಒಂದು ಸಲ ಕರೆದರೆ ನಾನು, ಎರಡು ಸಲ ಕರೆದರೆ ಅವಳು ಎಂದು ಲೆಕ್ಕ ಹಾಕಿ ನೋಡಿದೆ. ಕಾಯಿಲೆಯವರು ಎಲ್ಲವನ್ನೂ ಎರಡು ಸಲ ಹೇಳುತ್ತಾರೆ, ಆ ಲೆಕ್ಕ ನಿಲ್ಲಲಿಲ್ಲ. ಕೊನೆಗೆ ಲೆಕ್ಕ ಬಿಟ್ಟೆ. ಕರೆದದ್ದು ಯಾರನ್ನಾದರೂ ಆಗಿರಲಿ, ಒಲೆ ತಗ್ಗಿಸಿ ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ಆ ಇನ್ನೊಬ್ಬ ಮಾರ್ಥಳಿಗೂ ಸ್ವಾಮಿ ಹೇಳಿದ್ದು ಅದನ್ನೇ ಅಲ್ಲವೇ, ಸ್ವಲ್ಪ ಬಂದು ಕೂತ್ಕೋ ಎಂದು.